ಬಿದ್ದವರೆಲ್ಲ ಎದ್ದು ಬರಲಿಲ್ಲ

ಇಂಗ್ಲೆಂಡಿನ ಸಣ್ಣ ಊರುಗಳ ಫುಟ್‌ಬಾಲ್ ಅಭಿಮಾನಿಗಳ ನಡುವೆ ಮಾರ್ಚ್ ಮುಗಿಯುವ ಹೊತ್ತಿಗೆ ಒಂದು ಮಾತು ಕೇಳಿಬರುತ್ತದೆ. ಊರಿನ ಕ್ಲಬ್ ಅಂಕಪಟ್ಟಿಯ ತಳದಲ್ಲಿ ಸಿಕ್ಕಿಕೊಂಡಿರುತ್ತದೆ, ವಾರಗಟ್ಟಲೆ ಗೆಲುವಿರುವುದಿಲ್ಲ, ಮಾಲೀಕರ ಮೇಲಿನ ನಂಬಿಕೆ ಯಾವಾಗಲೋ ಹೋಗಿರುತ್ತದೆ. ಈ ಸಲ ಕೆಳಗೆ ಹೋಗಿಬಿಡಲಿ, ಅದೇ ಒಳ್ಳೆಯದು ಎನ್ನುತ್ತಾರೆ ಅಲ್ಲಿನ ಹಳಬರು. ಕೆಳಗಿನ ಹಂತದಲ್ಲಿ ನಾಲ್ಕು ಪಂದ್ಯ ಗೆಲ್ಲಬಹುದು, ಸಂಬಳ ತಿಂದು ಕೂತವರನ್ನು ಸಾಗಹಾಕಬಹುದು, ಮಾಲೀಕ ಬೇಸತ್ತು ಮಾರಿ ಹೋಗಬಹುದು, ಒಂದೆರಡು ವರ್ಷದಲ್ಲಿ ಗಟ್ಟಿಯಾಗಿ ಮೇಲೆ ಬರಬಹುದು ಎಂಬುದು ಅವರ ಲೆಕ್ಕ. ಈ ಮಾತಿನಲ್ಲಿ ನೋವಿದೆ, ಅನುಭವವಿದೆ, ಒಂದಿಷ್ಟು ಸತ್ಯವೂ ಇದೆ. ಆದರೆ ಬೇರೆ ಬೇರೆಯಾಗಿ ತೂಗಬೇಕಾದ ಸಂಗತಿಗಳನ್ನು ಇದು ಒಟ್ಟಿಗೆ ಕಲಸಿಬಿಟ್ಟಿದೆ. ಬಿದ್ದದ್ದರಿಂದ ಆದ ಬದಲಾವಣೆ ಯಾವುದು, ಬಿದ್ದ ಹೊತ್ತಿನಲ್ಲೇ ಬೇರೆ ಕಾರಣದಿಂದ ಆದದ್ದು ಯಾವುದು ಎಂದು ಇದು ವಿಂಗಡಿಸುವುದಿಲ್ಲ. ಚೇತರಿಸಿಕೊಂಡ ಕ್ಲಬ್‌ಗೆ ಬಿದ್ದದ್ದರಿಂದಲೇ ಲಾಭವಾಯಿತು ಎಂದೂ ಹಿಡಿದುಬಿಡುತ್ತದೆ.

ಮೊದಲು ಏಣಿಯ ರಚನೆ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ಹಂತಗಳಿವೆ. ಒಂದೊಂದರಲ್ಲೂ 24 ಕ್ಲಬ್‌ಗಳು. ಈ ಮೂರೂ ಸೇರಿದ್ದೇ ಫುಟ್‌ಬಾಲ್ ಲೀಗ್. ಅದರ ಕೆಳಗೆ, ಐದನೆಯ ಹಂತದಲ್ಲಿ, ಹಿಂದೆ ಕಾನ್ಫರೆನ್ಸ್ ಎಂದು ಹೆಸರಾಗಿದ್ದ ನ್ಯಾಷನಲ್ ಲೀಗ್ ಇದೆ. ಆರನೆಯದರಲ್ಲಿ ಅದೇ ಉತ್ತರ ಮತ್ತು ದಕ್ಷಿಣ ಎಂದು ಒಡೆಯುತ್ತದೆ. ಋತುವಿನ ಕೊನೆಯಲ್ಲಿ ತಳದಲ್ಲಿದ್ದವರಿಗೆ ಹಿಂಬಡ್ತಿ, ಕೆಳಗಿನ ಹಂತದ ಮುಂಚೂಣಿಯವರಿಗೆ ಬಡ್ತಿ. ಬೆಂಗಳೂರು ಎಫ್‌ಸಿ ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ 2014ರಿಂದ 2025ರವರೆಗಿನ ಯಾವ ಋತುವಿನಲ್ಲೂ ತಳದ ತಂಡ ಕೆಳಗಿಳಿದದ್ದಿಲ್ಲ. ಹಾಗಾಗಿ ಈ ಭಯದ ತೀವ್ರತೆ ನಮ್ಮಲ್ಲಿನ ಫುಟ್‌ಬಾಲ್ ಪ್ರೇಮಿಗಳಿಗೆ ನೇರ ಅನುಭವದಿಂದ ತಿಳಿದದ್ದಲ್ಲ. ಇಂಗ್ಲೆಂಡಿನಲ್ಲೂ ನಾಲ್ಕನೆಯ ಹಂತದಿಂದ ಐದನೆಯದಕ್ಕೆ ತಾನಾಗಿ ಇಳಿಯುವ ನಿಯಮ ಬಂದದ್ದು 1986–87ರ ಋತುವಿನಲ್ಲಿ. ಅಲ್ಲಿಯವರೆಗೆ ತಳದ ನಾಲ್ಕು ಕ್ಲಬ್‌ಗಳು ಉಳಿದ ಸದಸ್ಯರ ಮುಂದೆ ಮರುಚುನಾವಣೆಗೆ ಅರ್ಜಿ ಹಾಕಿಕೊಳ್ಳುತ್ತಿದ್ದವು, ಬಹುಪಾಲು ಉಳಿದುಕೊಳ್ಳುತ್ತಿದ್ದವು.

ಜನಪ್ರಿಯ ನಂಬಿಕೆಯ ಪರವಾಗಿ ಹೇಳಬಹುದಾದದ್ದನ್ನೆಲ್ಲ ಹೇಳಿಬಿಡುವುದು ನ್ಯಾಯ. ಹೊಸ ನಿಯಮದಲ್ಲಿ ಮೊದಲು ಬಿದ್ದ ಲಿಂಕನ್ ಸಿಟಿ ಮರುವರ್ಷವೇ, 1988ರಲ್ಲಿ, ಕಾನ್ಫರೆನ್ಸ್ ಗೆದ್ದು ಮರಳಿತು. ಡಾರ್ಲಿಂಗ್ಟನ್ 1989ರಲ್ಲಿ ಬಿದ್ದು 1990ರಲ್ಲಿ ಬಂದದ್ದಷ್ಟೇ ಅಲ್ಲ, 1991ರಲ್ಲಿ ಇನ್ನೂ ಒಂದು ಮೆಟ್ಟಿಲು ಏರಿತು. ಕಾರ್ಲೈಲ್ ಯುನೈಟೆಡ್ 2004ರಲ್ಲಿ ಬಿದ್ದು, 2005ರಲ್ಲಿ ಮರಳಿ, 2006ರಲ್ಲಿ ಲೀಗ್ ಟೂ ಚಾಂಪಿಯನ್ ಆಯಿತು. ಬ್ರಿಸ್ಟಲ್ ರೋವರ್ಸ್ 2014ರಲ್ಲಿ ಬಿದ್ದು, 2015 ಮತ್ತು 2016ರಲ್ಲಿ ಬೆನ್ನುಬೆನ್ನಿಗೆ ಬಡ್ತಿ ಪಡೆಯಿತು. ಎಲ್ಲಕ್ಕಿಂತ ದೊಡ್ಡ ಕಥೆ ಲೂಟನ್ ಟೌನ್‌ನದು: 2009ರಲ್ಲಿ ಫುಟ್‌ಬಾಲ್ ಲೀಗ್‌ನಿಂದಲೇ ಹೊರಬಿದ್ದ ಕ್ಲಬ್ 2023ರಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು. ಇವೆಲ್ಲ ಕಣ್ಣಮುಂದೆ ನಡೆದವು. ಇದರ ಜೊತೆಗೆ ಇನ್ನೊಂದು ಮಾತೂ ನಿಜ: ಶನಿವಾರದ ಮಧ್ಯಾಹ್ನ ದುಡ್ಡು ಕೊಟ್ಟು ಒಳಗೆ ಬರುವವರಿಗೆ ಬೇಕಾದದ್ದು ಗೆಲುವು. ನಾಲ್ಕನೆಯ ಹಂತದಲ್ಲಿ ಹತ್ತು ಪಂದ್ಯ ಗೆಲ್ಲುವುದಕ್ಕಿಂತ ಐದನೆಯದರಲ್ಲಿ ಇಪ್ಪತ್ತೈದು ಗೆಲ್ಲುವುದು ಅವರಿಗೆ ಹೆಚ್ಚು ಸಂತೋಷ ಕೊಡುತ್ತದೆ ಎಂದರೆ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಕ್ಲಬ್ ಇರುವುದೇ ಅವರಿಗಾಗಿ.

ಹೀಗಾದರೂ ವಾದ ನಿಲ್ಲುವುದಿಲ್ಲ. ಅದರ ಮೊದಲ ಬಿರುಕು ಬಾಗಿಲಿನ ಅಗಲದಲ್ಲಿದೆ. ಲೀಗ್ ಒನ್‌ನಿಂದ ಲೀಗ್ ಟೂಗೆ ಬಿದ್ದ ಕ್ಲಬ್‌ನ ಮುಂದೆ ನಾಲ್ಕು ಬಡ್ತಿ ಸ್ಥಾನಗಳಿರುತ್ತವೆ: ಮೂರು ನೇರ, ಒಂದು ಪ್ಲೇಆಫ್ ಮೂಲಕ. 24ರಲ್ಲಿ ನಾಲ್ಕು, ಅಂದರೆ ಆರಕ್ಕೆ ಒಂದು. ಲೀಗ್ ಟೂನಿಂದ ನ್ಯಾಷನಲ್ ಲೀಗ್‌ಗೆ ಬಿದ್ದವರಿಗೆ ಇರುವುದು ಎರಡೇ: ಚಾಂಪಿಯನ್‌ಗೆ ಒಂದು, ಪ್ಲೇಆಫ್ ಗೆದ್ದವರಿಗೆ ಒಂದು. ಹನ್ನೆರಡಕ್ಕೆ ಒಂದು. 2002ರವರೆಗಂತೂ ಅದು ಒಂದೇ ಆಗಿತ್ತು. ಈ ಇಕ್ಕಟ್ಟು ಎಂಥದೆಂದು ತಿಳಿಯಲು ಎರಡು ಋತುಗಳನ್ನು ನೋಡಿದರೆ ಸಾಕು. 2011–12ರಲ್ಲಿ ರೆಕ್ಸಂ 98 ಅಂಕ ಗಳಿಸಿತು. ಫುಟ್‌ಬಾಲ್ ಲೀಗ್‌ನ ಯಾವ ಹಂತದಲ್ಲಾದರೂ ಅಷ್ಟು ಅಂಕಕ್ಕೆ ಬಡ್ತಿ ಬಹುತೇಕ ಕಟ್ಟಿಟ್ಟದ್ದು. ಫ್ಲೀಟ್‌ವುಡ್ 103 ಗಳಿಸಿದ್ದರಿಂದ ರೆಕ್ಸಂ ಪ್ಲೇಆಫ್‌ಗೆ ಹೋಗಿ, ಸೋತು, ಅಲ್ಲೇ ಉಳಿಯಿತು. 2022–23ರಲ್ಲಿ ನಾಟ್ಸ್ ಕೌಂಟಿ 107 ಅಂಕ ಗಳಿಸಿಯೂ 111 ಗಳಿಸಿದ ರೆಕ್ಸಂನ ಹಿಂದೆ ಎರಡನೆಯದಾಯಿತು. ವೆಂಬ್ಲಿಯಲ್ಲಿ ಪೆನಾಲ್ಟಿ ಶೂಟೌಟ್‌ವರೆಗೆ ಹೋದ ಫೈನಲ್ ಗೆದ್ದಿದ್ದರಿಂದ ಮೇಲೆ ಬಂತು. 2003ರ ನಂತರ ಬಿದ್ದ ಮರುವರ್ಷವೇ ಮರಳಿದವರೆಂದು ಜನ ನೆನೆಯುವ ಹೆಸರುಗಳಲ್ಲಿ ಶ್ರೂಸ್‌ಬರಿ, ಕಾರ್ಲೈಲ್, ಬ್ರಿಸ್ಟಲ್ ರೋವರ್ಸ್, ಗ್ರಿಮ್ಸ್‌ಬಿ ಈ ನಾಲ್ಕೂ ಬಂದದ್ದು ಪ್ಲೇಆಫ್ ದಾರಿಯಿಂದ. ಗ್ರಿಮ್ಸ್‌ಬಿ 2022ರಲ್ಲಿ ಆರನೆಯ ಸ್ಥಾನದಲ್ಲಿತ್ತು. ಕಾರ್ಲೈಲ್ 2005ರಲ್ಲಿ ಮೂರನೆಯದು. ಎರಡನೆಯ ಬಾಗಿಲು ತೆರೆದದ್ದು ಅದಕ್ಕೆ ಬರೇ ಎರಡು ವರ್ಷ ಹಿಂದೆ. ಅದೇ ತಂಡ ಅದೇ ಆಟವನ್ನು ಹಳೆಯ ನಿಯಮದಲ್ಲಿ ಆಡಿದ್ದರೆ ಕೆಳಗೇ ಉಳಿಯುತ್ತಿತ್ತು, ಇವತ್ತು ಯಾರೂ ಅದನ್ನು ಉದಾಹರಣೆಯಾಗಿ ಕೊಡುತ್ತಿರಲಿಲ್ಲ. ಮರಳಿದವರ ಪಟ್ಟಿಯಲ್ಲಿ ಒಂದೆರಡು ಪಂದ್ಯಗಳ ಅದೃಷ್ಟಕ್ಕೆ ಇಷ್ಟೊಂದು ಪಾಲಿರುವಾಗ ಅದನ್ನು ಔಷಧದ ಗುಣ ಎಂದು ಬರೆಯುವುದು ತಪ್ಪು.

ಎರಡನೆಯದು ನೆನಪಿನ ಪಕ್ಷಪಾತ. ಮರಳಿ ಬಂದವರು ಪ್ರತಿ ಶನಿವಾರ ಫಲಿತಾಂಶದ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಬಾರದವರು ಅಲ್ಲಿಲ್ಲ. ನ್ಯೂಪೋರ್ಟ್ ಕೌಂಟಿ 1988ರಲ್ಲಿ ಬಿದ್ದು 1989ರ ಫೆಬ್ರವರಿಯಲ್ಲಿ ಮುಚ್ಚಿತು. ಅಭಿಮಾನಿಗಳು ಹೊಸದಾಗಿ ಕಟ್ಟಿದ ಕ್ಲಬ್‌ಗೆ ಸ್ವಂತ ಊರಿನಲ್ಲಿ ಆಡಲು ಜಾಗವಿರಲಿಲ್ಲ, ವೇಲ್ಸ್ ಬಿಟ್ಟು ಗ್ಲಾಸ್ಟರ್‌ಷೈರಿನ ಮೋರ್ಟನ್-ಇನ್-ಮಾರ್ಷ್‌ನಲ್ಲಿ ಶುರುಮಾಡಬೇಕಾಯಿತು, ಫುಟ್‌ಬಾಲ್ ಲೀಗ್‌ಗೆ ಮರಳಲು 2013 ಆಗಬೇಕಾಯಿತು. ಹ್ಯಾಲಿಫ್ಯಾಕ್ಸ್ ಟೌನ್ 2002ರಲ್ಲಿ ಎರಡನೆಯ ಸಲ ಬಿದ್ದು 2008ರಲ್ಲಿ ಮುಗಿಯಿತು. ಚೆಸ್ಟರ್ ಸಿಟಿ 2009ರಲ್ಲಿ ಬಿದ್ದು 2010ರ ಮಾರ್ಚ್‌ನಲ್ಲಿ, ಋತು ಮುಗಿಯುವ ಮುನ್ನವೇ, ವಿಸರ್ಜನೆಯಾಯಿತು. ರಶ್ಡನ್ ಅಂಡ್ ಡೈಮಂಡ್ಸ್ 2006ರಲ್ಲಿ ಬಿದ್ದು 2011ರಲ್ಲಿ, ಹೆರಿಫರ್ಡ್ ಯುನೈಟೆಡ್ 2012ರಲ್ಲಿ ಬಿದ್ದು 2014ರಲ್ಲಿ, ಮ್ಯಾಕಲ್ಸ್‌ಫೀಲ್ಡ್ ಟೌನ್ 2020ರ ಆಗಸ್ಟ್‌ನಲ್ಲಿ ಬಿದ್ದು ಮರುತಿಂಗಳೇ ಕಣ್ಮರೆಯಾದವು. ಈ ಊರುಗಳಲ್ಲಿ ಈಗ ಆಡುತ್ತಿರುವ ಕ್ಲಬ್‌ಗಳು ಹೊಸ ನೋಂದಣಿ, ಹೊಸ ಹೆಸರುಗಳೊಡನೆ ಕೆಳಗಿನಿಂದ ಹುಟ್ಟಿ ಬಂದವು.

ಇಲ್ಲಿ ಎದುರಾಳಿಗಳು ಎತ್ತುವ ಆಕ್ಷೇಪ ಗಟ್ಟಿಯಾದದ್ದು. ಈ ಕ್ಲಬ್‌ಗಳು ಸತ್ತದ್ದು ಹಿಂಬಡ್ತಿಯಿಂದಲ್ಲ, ಅದಕ್ಕೂ ಮೊದಲೇ ಮಾಡಿಕೊಂಡ ಸಾಲದಿಂದ, ಕೆಟ್ಟ ಮಾಲೀಕರಿಂದ ಎನ್ನುತ್ತಾರೆ ಅವರು. ಒಪ್ಪಬೇಕಾದ ಮಾತೇ. ಆದರೆ ಇದನ್ನು ಒಪ್ಪಿಕೊಂಡ ಕ್ಷಣ ಅದೇ ಅಳತೆಗೋಲನ್ನು ಚೇತರಿಸಿಕೊಂಡವರಿಗೂ ಹಿಡಿಯಬೇಕಾಗುತ್ತದೆ. ಕ್ಲಬ್ ಸತ್ತರೆ ಮಾಲೀಕ ಕಾರಣ, ಬದುಕಿದರೆ ಹಿಂಬಡ್ತಿ ಕಾರಣ ಎಂದು ಎರಡು ತಕ್ಕಡಿ ಇಟ್ಟುಕೊಳ್ಳಲು ಬರುವುದಿಲ್ಲ. ಅಂಕಪಟ್ಟಿಯ ಸ್ಥಾನ ಒಂದು, ಕ್ಲಬ್‌ನ ಆರೋಗ್ಯ ಇನ್ನೊಂದು. ಇವೆರಡೂ ಎಷ್ಟು ಬೇರೆ ಎನ್ನುವುದಕ್ಕೆ ಬರಿ ಎಫ್‌ಸಿಗಿಂತ ದಾರುಣ ಸಾಕ್ಷಿ ಬೇಕಿಲ್ಲ. 2019ರ ವಸಂತದಲ್ಲಿ ಬರಿ ಲೀಗ್ ಟೂನಲ್ಲಿ ಎರಡನೆಯದಾಗಿ ಬಡ್ತಿ ಗಳಿಸಿತು. ಆಟಗಾರರಿಗೆ ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ಲೀಗ್ ಒನ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದೆ, ಆಗಸ್ಟ್ 27ರಂದು ಅದು ಫುಟ್‌ಬಾಲ್ ಲೀಗ್‌ನಿಂದ ಉಚ್ಚಾಟನೆಯಾಯಿತು. ಬಡ್ತಿ ಅದನ್ನು ಕೊಂದಿತು ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಚೇತರಿಸಿಕೊಂಡವರ ಕಥೆಯಲ್ಲಿ ನಿಜವಾದ ಕಾರಣ ಯಾವುದು? ತಾರೀಖುಗಳನ್ನು ಸಾಲಾಗಿ ಜೋಡಿಸಿದರೆ ಉತ್ತರ ಬಹುಮಟ್ಟಿಗೆ ಕಾಣುತ್ತದೆ. ಲೂಟನ್ 2007, 2008, 2009ರಲ್ಲಿ ಸತತ ಮೂರು ಸಲ ಇಳಿಯಿತು. ಕ್ಲಬ್ ಅನ್ನು ದಿವಾಳಿಯಿಂದ ಎತ್ತಿಕೊಂಡ ಅಭಿಮಾನಿಗಳ ಒಕ್ಕೂಟ, ಲೂಟನ್ ಟೌನ್ 2020 ಎಂಬ ಹೆಸರಿನದು, ಬಂದದ್ದು 2008ರಲ್ಲಿ. ಕೊನೆಯ ಕುಸಿತಕ್ಕೆ ಮೊದಲೇ. ಆ ಕುಸಿತವಾದರೂ ಹಿಂದಿನವರ ಕಾಲದ ತಪ್ಪುಗಳಿಗೆ ಮತ್ತು ದಿವಾಳಿ ಪ್ರಕ್ರಿಯೆಗೆ ಸಿಕ್ಕ ದಂಡ: ಋತುವಿನ ಆರಂಭದಲ್ಲೇ 30 ಅಂಕ ಕಡಿತ. ಮೈದಾನದಲ್ಲಿ ಲೂಟನ್ 56 ಅಂಕ ಗಳಿಸಿತ್ತು, ಪಟ್ಟಿಯಲ್ಲಿ ಉಳಿದದ್ದು 26. ದಂಡವಿಲ್ಲದಿದ್ದರೆ ತಂಡ ನೆಮ್ಮದಿಯಾಗಿ ಮಧ್ಯದಲ್ಲಿರುತ್ತಿತ್ತು. ಅದೇ ಋತುವಿನಲ್ಲಿ ವೆಂಬ್ಲಿಯಲ್ಲಿ ಲೀಗ್ ಟ್ರೋಫಿ ಫೈನಲ್ ನೋಡಲು 40,000ಕ್ಕೂ ಹೆಚ್ಚು ಲೂಟನ್ ಅಭಿಮಾನಿಗಳು ಹೋಗಿದ್ದರು. ಆ ಊರಿನ ಕ್ಲಬ್ ಐದನೆಯ ಹಂತದ ಗಾತ್ರದ್ದಾಗಿರಲೇ ಇಲ್ಲ. ಚಿಕಿತ್ಸೆ ಆಗಲೇ ಶುರುವಾಗಿತ್ತು. ಹಿಂಬಡ್ತಿ ಅದಕ್ಕೆ ಐದು ವರ್ಷ ತಡಮಾಡಿತು.

ಡಾಂಕಾಸ್ಟರ್ ರೋವರ್ಸ್ 1997–98ರಲ್ಲಿ 46 ಪಂದ್ಯಗಳಲ್ಲಿ 34 ಸೋತು ಹೊರಬಿತ್ತು. ಆಗ ಕ್ಲಬ್ ಯಾರ ಹಿಡಿತದಲ್ಲಿತ್ತೋ ಅವರ ಮೇಲೆ ಮೈದಾನದ ಸ್ಟ್ಯಾಂಡಿಗೆ ಬೆಂಕಿ ಹಚ್ಚಿಸುವ ಸಂಚಿನ ಆರೋಪ ಸಾಬೀತಾಗಿ ಶಿಕ್ಷೆಯಾಯಿತು. ಹೊಸ ಕೈಗಳಿಗೆ ಹೋದ ಕ್ಲಬ್ 2003ರಲ್ಲಿ ಮರಳಿ, 2008ರ ಹೊತ್ತಿಗೆ ಚಾಂಪಿಯನ್‌ಶಿಪ್ ತಲುಪಿತು. ಎಕ್ಸೆಟರ್ ಸಿಟಿ 2003ರ ಮೇ ತಿಂಗಳಲ್ಲಿ ಬಿದ್ದಾಗ ಅದನ್ನು ನಡೆಸುತ್ತಿದ್ದವರು ಪೊಲೀಸರ ಕೈಗೆ ಸಿಕ್ಕಿದ್ದರು. ಅಭಿಮಾನಿಗಳ ಟ್ರಸ್ಟ್ ಕ್ಲಬ್ ವಹಿಸಿಕೊಂಡಿತು. ಆ ಟ್ರಸ್ಟಿನ ಸಾಲ ತೀರಿಸಲು ನೆರವಾದದ್ದು 2005ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಓಲ್ಡ್ ಟ್ರಾಫರ್ಡ್‌ನಲ್ಲಿ ಗೋಲಿಲ್ಲದ ಡ್ರಾ, ಆಮೇಲೆ ಸ್ವಂತ ಮೈದಾನದಲ್ಲಿ ಮರುಪಂದ್ಯ. ಚೀಟಿ ಎತ್ತಿದಾಗ ಬೇರೆ ಹೆಸರು ಬಂದಿದ್ದರೆ ಆ ಹಣವಿಲ್ಲ. ಲೇಟನ್ ಓರಿಯಂಟ್ 2014ರಲ್ಲಿ ಚಾಂಪಿಯನ್‌ಶಿಪ್‌ಗೆ ಏರಲು ಒಂದು ಪೆನಾಲ್ಟಿ ಶೂಟೌಟ್‌ನಷ್ಟೇ ದೂರವಿತ್ತು. ಅದೇ ವರ್ಷ ಫ್ರಾಂಚೆಸ್ಕೊ ಬೆಕೆಟ್ಟಿ ಅದನ್ನು ಕೊಂಡರು. 2017ರಲ್ಲಿ 112 ವರ್ಷಗಳ ನಂತರ ಕ್ಲಬ್ ಲೀಗ್‌ನಿಂದ ಹೊರಬಿತ್ತು. ಆ ಬೇಸಿಗೆಯಲ್ಲೇ ನೈಜಲ್ ಟ್ರಾವಿಸ್ ಮತ್ತು ಕೆಂಟ್ ಟೀಗ್ ಕೊಂಡುಕೊಂಡರು, 2019ರಲ್ಲಿ ಓರಿಯಂಟ್ ಚಾಂಪಿಯನ್ ಆಗಿ ಮರಳಿತು. ಈ ಸಾಲಿನಲ್ಲಿ ಉದ್ದಕ್ಕೂ ಕಾಣುವುದು ಆಡಳಿತದ ಬದಲಾವಣೆ. ಹಿಂಬಡ್ತಿ ಕೆಲವೊಮ್ಮೆ ಅದಕ್ಕೆ ಮೊದಲು, ಕೆಲವೊಮ್ಮೆ ನಂತರ, ಕೆಲವೊಮ್ಮೆ ಜೊತೆಯಲ್ಲೇ ಬಂದಿದೆ.

ನಂಬಿಕೆಯ ಪರವಾಗಿರುವವರು ಇಲ್ಲಿ ತಮ್ಮ ವಾದವನ್ನು ಸ್ವಲ್ಪ ತಿದ್ದಿಕೊಳ್ಳಬಹುದು. ಸರಿ, ಕಾರಣ ಮಾಲೀಕನೇ; ಆದರೆ ಕೆಳಗೆ ಬಿದ್ದು ಬೆಲೆ ಇಳಿಯದೆ ಅವನು ಮಾರುವುದಿಲ್ಲ, ಹಾಗಾಗಿ ಬೀಳುವುದೇ ಬಿಡುಗಡೆಯ ದಾರಿ ಎನ್ನಬಹುದು. ಓರಿಯಂಟ್ ವಿಷಯದಲ್ಲಿ ಇದು ನಿಜವಿರಬಹುದು. ಆದರೆ ಇಳಿದ ಬೆಲೆ ಒಳ್ಳೆಯ ಕೊಳ್ಳುಗರನ್ನಷ್ಟೇ ಕರೆಯುವುದಿಲ್ಲ. ಕಾಸಿಗೆ ಸಿಗುವ ಕ್ಲಬ್‌ನ ಊರ ನಡುವಿನ ಮೈದಾನದ ಮೇಲೆ ಕಣ್ಣಿಟ್ಟವರನ್ನೂ ಕರೆಯುತ್ತದೆ. ಬರಿಯನ್ನು 2018ರ ಕೊನೆಯಲ್ಲಿ ಒಂದು ಪೌಂಡ್‌ಗೆ ಕೈಬದಲಾಯಿಸಲಾಗಿತ್ತು. ಅಗ್ಗದ ಮಾರಾಟ ಅದನ್ನು ಉಳಿಸಲಿಲ್ಲ. ಇನ್ನೂ ಮುಖ್ಯವಾಗಿ, ಕೆಟ್ಟ ಮಾಲೀಕ ಕೆಳಗೆ ಬಿದ್ದ ಮೇಲೆ ಹೋಗಲೇಬೇಕೆಂದಿಲ್ಲ. ಸ್ಕಂತಾರ್ಪ್ ಯುನೈಟೆಡ್ 2022ರಲ್ಲಿ ನ್ಯಾಷನಲ್ ಲೀಗ್‌ಗೆ ಬಿದ್ದ ಮೇಲೂ ಮಾಲೀಕತ್ವ ಮತ್ತು ಮೈದಾನದ ತಕರಾರುಗಳು ಬೆನ್ನು ಬಿಡಲಿಲ್ಲ, 2023ರಲ್ಲಿ ಅದು ಇನ್ನೂ ಒಂದು ಹಂತ ಜಾರಿತು.

ಗೆಲುವಿನ ರೂಢಿ ಹಿಂತಿರುಗುತ್ತದೆ ಎಂಬ ಮಾತೂ ಇದೇ ಬೆಳಕಿನಲ್ಲಿ ಮಸುಕಾಗುತ್ತದೆ. ಯಾರ್ಕ್ ಸಿಟಿ 2016ರಲ್ಲಿ ಬಿದ್ದು 2017ರಲ್ಲಿ ಮತ್ತೆ ಬಿತ್ತು. ಚೆಸ್ಟರ್‌ಫೀಲ್ಡ್ 2017 ಮತ್ತು 2018ರಲ್ಲಿ ಸತತ ಎರಡು ಹಂತ ಇಳಿದು ಆರು ವರ್ಷ ಐದನೆಯದರಲ್ಲಿ ಉಳಿಯಿತು. ಸೋಲಿನ ರೂಢಿಯೂ ರೂಢಿಯೇ. ಹಂತ ಬದಲಾದ ಮಾತ್ರಕ್ಕೆ ಅದು ಬಿಟ್ಟುಹೋಗುವುದಿಲ್ಲ. ಇನ್ನು ತಂಡದ ಶುದ್ಧೀಕರಣದ ವಾದ. ಸಂಬಳದ ಭಾರ ಇಳಿಯುತ್ತದೆ ಎನ್ನುವವರು ಕರಾರುಗಳು ಕೆಲಸ ಮಾಡುವ ರೀತಿಯನ್ನು ಗಮನಿಸಿಲ್ಲ. ಕೆಳಗೆ ಬಿದ್ದಾಗ ಮೊದಲು ಹೋಗುವವನು ಬೇರೆ ಕ್ಲಬ್‌ಗಳಿಗೆ ಬೇಕಾದವನು: ಒಳ್ಳೆಯ ಸ್ಟ್ರೈಕರ್, ಇಪ್ಪತ್ತೊಂದರ ಹರೆಯದ ಮಿಡ್‌ಫೀಲ್ಡರ್. ಅವನ ಕರಾರಿನಲ್ಲಿ ಹಿಂಬಡ್ತಿಯಾದರೆ ಅಗ್ಗಕ್ಕೆ ಬಿಡಬೇಕೆಂಬ ಷರತ್ತೂ ಇದ್ದೀತು. ಕೊನೆಗೆ ಉಳಿಯುವವನು ಬೇರೆ ಯಾರಿಗೂ ಬೇಡವಾದ, ಎರಡು ವರ್ಷದ ಕರಾರು ಬಾಕಿಯಿರುವ, ಮೇಲಿನ ಹಂತದ ಸಂಬಳ ಪಡೆಯುವ ಆಟಗಾರ. ಸಂಬಳ ತಾನಾಗಿ ಇಳಿಯುವ ಷರತ್ತು ಬರೆಸಿಟ್ಟುಕೊಂಡ ಜಾಣ ಕ್ಲಬ್‌ಗೆ ಈ ತೊಂದರೆ ಕಡಿಮೆ, ನಿಜ. ಆದರೆ ಅಷ್ಟು ಜಾಣತನವಿದ್ದ ಕ್ಲಬ್‌ಗೆ ಶುದ್ಧೀಕರಣಕ್ಕಾಗಿ ಬೀಳುವ ಅಗತ್ಯವೇ ಇರುವುದಿಲ್ಲ. ಆಟಗಾರರ ಕರಾರು ಗಟ್ಟಿ. ಟಿಕೆಟ್ ಕೌಂಟರಿನವರು, ಹುಲ್ಲುಹಾಸು ನೋಡಿಕೊಳ್ಳುವವರು, ಕಿರಿಯರ ತರಬೇತುದಾರರು ಅಷ್ಟು ಗಟ್ಟಿಯಾದ ಕಾಗದ ಇಟ್ಟುಕೊಂಡಿರುವುದಿಲ್ಲ. ಖರ್ಚು ಕಡಿತ ಎಂದಾಗ ಮೊದಲು ಮನೆಗೆ ಹೋಗುವವರು ಇವರು.

ಆದಾಯದ ನಷ್ಟವೂ ಟಿಕೆಟ್‌ಗೆ ಸೀಮಿತವಲ್ಲ. 2024ರಿಂದ ಜಾರಿಯಾದ ಫುಟ್‌ಬಾಲ್ ಲೀಗ್‌ನ ಟಿವಿ ಒಪ್ಪಂದ ಐದು ವರ್ಷಕ್ಕೆ 93.5 ಕೋಟಿ ಪೌಂಡ್‌ನದು. ಮೂರು ಹಂತಗಳ 72 ಕ್ಲಬ್‌ಗಳಿಗೂ ಅದರಲ್ಲಿ ಪಾಲಿದೆ. ಹೊರಬಿದ್ದವರಿಗೆ ಕೆಲಕಾಲ ಸಿಗುವ ಪರಿಹಾರದ ಹಣ ಮುಗಿದ ಮೇಲೆ ಆ ಬಾಗಿಲು ಮುಚ್ಚುತ್ತದೆ. ನ್ಯಾಷನಲ್ ಲೀಗ್ ಕ್ಲಬ್‌ಗಳಿಗೆ ಲೀಗ್ ಕಪ್‌ನಲ್ಲಿ ಪ್ರವೇಶವಿಲ್ಲ. ಎಫ್‌ಎ ಕಪ್‌ನಲ್ಲಿ ಅವು ಮೊದಲ ಸುತ್ತಿಗೂ ಮುಂಚಿನ ಅರ್ಹತಾ ಸುತ್ತಿನಿಂದ ಆಡಬೇಕು. 2025ರ ಆಗಸ್ಟ್‌ನಲ್ಲಿ ಗ್ರಿಮ್ಸ್‌ಬಿ ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು 2–2 ಡ್ರಾದ ನಂತರ 12–11 ಪೆನಾಲ್ಟಿಗಳಿಂದ ಸೋಲಿಸಿದ ರಾತ್ರಿ ಆ ಊರಿಗೆ ಮತ್ತು ಆ ಕ್ಲಬ್‌ನ ಖಜಾನೆಗೆ ಎಂಥದಾಗಿತ್ತೆಂದು ಹೇಳಬೇಕಿಲ್ಲ. 2022ರ ಪ್ಲೇಆಫ್‌ನಲ್ಲಿ ಒಂದು ಪಂದ್ಯ ತಪ್ಪಿ ಕೆಳಗೇ ಉಳಿದಿದ್ದರೆ ಆ ರಾತ್ರಿ ಅವರಿಗೆ ಸಿಗುತ್ತಿರಲಿಲ್ಲ.

ಬಿದ್ದವರನ್ನು, ಬೀಳಬೇಕಿದ್ದೂ ಬೀಳದವರೊಡನೆ ಹೋಲಿಸಿ ನೋಡಲು ಸಾಧ್ಯವಾದರೆ ವಾದ ಬಹುಪಾಲು ಬಗೆಹರಿಯುತ್ತದೆ. ಇತಿಹಾಸದಲ್ಲಿ ಅಂಥ ಅವಕಾಶ ಅಪರೂಪ. ಆದರೆ ಇಲ್ಲಿ ಇದೆ. 1994, 1995, 1996 ಈ ಮೂರು ವರ್ಷ ಕಾನ್ಫರೆನ್ಸ್ ಗೆದ್ದ ಕಿಡ್ಡರ್‌ಮಿನ್‌ಸ್ಟರ್, ಮ್ಯಾಕಲ್ಸ್‌ಫೀಲ್ಡ್, ಸ್ಟೀವನೇಜ್ ಕ್ಲಬ್‌ಗಳ ಮೈದಾನಗಳು ಲೀಗ್‌ನ ಮಾನದಂಡಕ್ಕೆ ಸರಿಹೊಂದಲಿಲ್ಲವೆಂದು ಅವಕ್ಕೆ ಬಡ್ತಿ ನಿರಾಕರಿಸಲಾಯಿತು. ಹಾಗಾಗಿ ತಳದಲ್ಲಿ ಮುಗಿಸಿದ ಮೂರು ಕ್ಲಬ್‌ಗಳು ಬೀಳದೆ ಉಳಿದವು: ನಾರ್ಥಾಂಪ್ಟನ್ ಟೌನ್, ಎಕ್ಸೆಟರ್ ಸಿಟಿ, ಟಾರ್ಕಿ ಯುನೈಟೆಡ್. ಮೈದಾನದ ಆಟಕ್ಕೂ ಈ ಉಳಿವಿಗೂ ಸಂಬಂಧವಿಲ್ಲ. ಬೇರೆ ಊರಿನ ಸ್ಟ್ಯಾಂಡು, ಗೇಟುಗಳ ದೆಸೆಯಿಂದ ಅವು ಉಳಿದವು. ಹಿಂಬಡ್ತಿ ಔಷಧವಾಗಿದ್ದರೆ ಈ ಮೂವರೂ ಔಷಧ ತಪ್ಪಿಸಿಕೊಂಡ ರೋಗಿಗಳಂತೆ ನರಳಬೇಕಿತ್ತು. ಆದದ್ದೇನು? 1994ರಲ್ಲಿ ಕೊನೆಯ ಸ್ಥಾನದಲ್ಲಿದ್ದ ನಾರ್ಥಾಂಪ್ಟನ್ 1997ರಲ್ಲಿ ವೆಂಬ್ಲಿಯಲ್ಲಿ ಸ್ವಾನ್ಸಿಯನ್ನು ಸೋಲಿಸಿ ಬಡ್ತಿ ಪಡೆಯಿತು, 1998ರಲ್ಲಿ ಇನ್ನೂ ಮೇಲಿನ ಹಂತಕ್ಕೇರುವ ಪ್ಲೇಆಫ್ ಫೈನಲ್‌ವರೆಗೆ ಹೋಯಿತು. 1996ರಲ್ಲಿ ಕೊನೆಯದಾಗಿದ್ದ ಟಾರ್ಕಿ 1998ರಲ್ಲಿ ಬಡ್ತಿಯ ಪ್ಲೇಆಫ್ ಫೈನಲ್ ಆಡಿತು. ಎಕ್ಸೆಟರ್ ಮಾತ್ರ ಕುಂಟುತ್ತಾ ಸಾಗಿ 2003ರಲ್ಲಿ ಬಿತ್ತು.

ಮೂರು ಕ್ಲಬ್‌ಗಳಿಂದ ನಿಯಮ ಹುಟ್ಟುವುದಿಲ್ಲ. ಆದರೆ ನಾರ್ಥಾಂಪ್ಟನ್‌ನ ಒಳಗೆ ಇಣುಕಿದರೆ ನಿಯಮಕ್ಕಿಂತ ಉಪಯುಕ್ತವಾದದ್ದು ಕಾಣುತ್ತದೆ. 1992ರಲ್ಲಿ ಆ ಕ್ಲಬ್ ಸಾಲದಲ್ಲಿ ಮುಳುಗಿದಾಗ ಅಭಿಮಾನಿಗಳು ಸೇರಿ ಟ್ರಸ್ಟ್ ಕಟ್ಟಿ, ಆಡಳಿತ ಮಂಡಳಿಯಲ್ಲಿ ಜಾಗ ಪಡೆದರು. ಬ್ರಿಟನ್ನಿನಲ್ಲಿ ಅಂಥ ಟ್ರಸ್ಟ್ ಅದೇ ಮೊದಲು. ಅವರು ಆಡುತ್ತಿದ್ದ ಕೌಂಟಿ ಗ್ರೌಂಡ್ ಕ್ರಿಕೆಟ್ ಕ್ಲಬ್ ಜೊತೆ ಹಂಚಿಕೊಂಡದ್ದು, ಮೂರೇ ಕಡೆ ಪ್ರೇಕ್ಷಕರು ನಿಲ್ಲಬಹುದಾದದ್ದು. ನಾಲ್ಕನೆಯ ಕಡೆ ಕ್ರಿಕೆಟ್ ಬಯಲು. ನಗರಸಭೆ ಸಿಕ್ಸ್‌ಫೀಲ್ಡ್ಸ್‌ನಲ್ಲಿ ಹೊಸ ಕ್ರೀಡಾಂಗಣ ಕಟ್ಟಿಕೊಟ್ಟಿತು, 1994ರ ಅಕ್ಟೋಬರ್‌ನಲ್ಲಿ ಕ್ಲಬ್ ಅಲ್ಲಿಗೆ ಹೋಯಿತು. 1995ರಲ್ಲಿ ಇಯಾನ್ ಆಟ್ಕಿನ್ಸ್ ಮ್ಯಾನೇಜರ್ ಆಗಿ ಬಂದರು. ಟ್ರಸ್ಟ್, ನಗರಸಭೆ, ಮೈದಾನ, ಮ್ಯಾನೇಜರ್: ಎಕ್ಸೆಟರ್ ಕೆಳಗೆ ಬಿದ್ದು ಕಂಡುಕೊಂಡಂಥ ಪರಿಹಾರಗಳ ಪಟ್ಟಿಯೇ ಇದು, ಬೀಳದೆ ಸಿಕ್ಕದ್ದು. 2013ರಲ್ಲಿ ಪೋರ್ಟ್ಸ್‌ಮತ್ ಅನ್ನು ಅಭಿಮಾನಿಗಳ ಟ್ರಸ್ಟ್ ಕೊಂಡದ್ದೂ, ಆ ಕ್ಲಬ್ 2017ರಲ್ಲಿ ಲೀಗ್ ಟೂ ಗೆದ್ದದ್ದೂ ಫುಟ್‌ಬಾಲ್ ಲೀಗ್‌ನ ಒಳಗಿದ್ದುಕೊಂಡೇ.

ಇದರ ಪಕ್ಕದಲ್ಲಿ 1999ರ ಮೇ 8 ನಿಲ್ಲುತ್ತದೆ. ಕಾರ್ಲೈಲ್ ಅಥವಾ ಸ್ಕಾರ್ಬರೋ, ಇಬ್ಬರಲ್ಲಿ ಒಬ್ಬರು ಹೊರಗೆ. ಸ್ಕಾರ್ಬರೋ ತನ್ನ ಪಂದ್ಯವನ್ನು 1–1 ಡ್ರಾ ಮಾಡಿ ಮುಗಿಸಿತ್ತು, ಅಭಿಮಾನಿಗಳು ಮೈದಾನಕ್ಕಿಳಿದು ಕುಣಿಯುತ್ತಿದ್ದರು. ಕಾರ್ಲೈಲ್‌ನ ಬ್ರಂಟನ್ ಪಾರ್ಕ್‌ನಲ್ಲಿ ಪ್ಲಿಮತ್ ವಿರುದ್ಧದ ಪಂದ್ಯವೂ 1–1, ಹೆಚ್ಚುವರಿ ಸಮಯದ ಕೊನೆಯ ನಿಮಿಷ. ಕಾರ್ನರ್ ಸಿಕ್ಕಿತು. ಸ್ವಿಂಡನ್‌ನಿಂದ ಕೆಲವೇ ವಾರಗಳ ಎರವಲಿಗೆ ಬಂದಿದ್ದ ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ತನ್ನ ಗೋಲು ಬಿಟ್ಟು ಮೈದಾನದ ಉದ್ದಕ್ಕೂ ಓಡಿ ಬಂದರು. ಎದುರಾಳಿ ಗೋಲ್‌ಕೀಪರ್ ತಡೆದ ಚೆಂಡು ಕಾಲಿಗೆ ಬಂತು, ಒದ್ದರು, ಒಳಗೆ ಹೋಯಿತು. ಸ್ಕಾರ್ಬರೋ ಮರಳಿ ಬರಲೇ ಇಲ್ಲ, 2007ರಲ್ಲಿ ಮುಚ್ಚಿತು. ಕಾರ್ಲೈಲ್‌ಗೆ ಮುಂದಿನ ವರ್ಷಗಳೂ ಸುಖದ್ದಾಗಿರಲಿಲ್ಲ: 2000ದಲ್ಲಿ ಗೋಲು ವ್ಯತ್ಯಾಸದಿಂದ ಉಳಿಯಿತು, ಕೊನೆಗೆ 2004ರಲ್ಲಿ ಬಿತ್ತು. ಹಾಗಿದ್ದರೆ ಆ ಗೋಲು ಐದು ವರ್ಷದ ಸಂಕಟವನ್ನಷ್ಟೇ ಕೊಂಡು ತಂದಿತು, 1999ರಲ್ಲೇ ಬಿದ್ದಿದ್ದರೆ ಬೇಗ ಎದ್ದಿರುತ್ತಿತ್ತು ಎಂದು ವಾದಿಸುವವರಿದ್ದಾರೆ. ಅವರು ಆ ಐದು ವರ್ಷಗಳಲ್ಲಿ ಆದದ್ದನ್ನು ಬಿಟ್ಟುಬಿಡುತ್ತಾರೆ. 2002ರಲ್ಲಿ ಹಳೆಯ ಮಾಲೀಕ ಹೋದರು. 2003ರಲ್ಲಿ ಎರಡನೆಯ ಬಡ್ತಿ ಸ್ಥಾನ ಬಂತು. ಕೊನೆಗೆ ಬಿದ್ದಾಗ ಕ್ಲಬ್ ಮೇಲೇಳುವ ಸ್ಥಿತಿಯಲ್ಲಿತ್ತು. ಉಳಿದದ್ದು ಅವರಿಗೆ ಸಮಯ ಕೊಟ್ಟಿತು. ಸ್ಕಾರ್ಬರೋಗೆ ಆ ಸಮಯ ಸಿಗಲಿಲ್ಲ.

ಈ ವಾದಕ್ಕೆ ನಿಜವಾಗಿ ಸವಾಲಾಗಿ ನಿಲ್ಲುವ ಕ್ಲಬ್ ಒಂದಿದೆ, ಸ್ಟಾಕ್‌ಪೋರ್ಟ್ ಕೌಂಟಿ. 2010ರಲ್ಲಿ ಲೀಗ್ ಒನ್‌ನಿಂದ, 2011ರಲ್ಲಿ ಲೀಗ್ ಟೂನಿಂದ, 2013ರಲ್ಲಿ ಐದನೆಯ ಹಂತದಿಂದಲೂ ಇಳಿದು ಆರನೆಯದರಲ್ಲಿ ಆರು ಋತು ಕಳೆಯಿತು. ಆಟಗಾರರು ಬೇರೆ ಕೆಲಸ ಮಾಡಿಕೊಂಡು ಸಂಜೆ ಅಭ್ಯಾಸಕ್ಕೆ ಬರುವ ಅರೆಕಾಲಿಕ ಕ್ಲಬ್ ಆಯಿತು. ಅಲ್ಲಿ, ತನ್ನ ಕೈಲಾದಷ್ಟೇ ಖರ್ಚು ಮಾಡಿ, ಜಿಮ್ ಗ್ಯಾನನ್ ಮ್ಯಾನೇಜರ್ ಆಗಿದ್ದಾಗ 2019ರಲ್ಲಿ ನ್ಯಾಷನಲ್ ಲೀಗ್ ನಾರ್ತ್ ಗೆದ್ದಿತು. ಮಾರ್ಕ್ ಸ್ಟಾಟ್ ಎಂಬ ಶ್ರೀಮಂತ ಉದ್ಯಮಿ ಕೊಂಡದ್ದು ಅದರ ನಂತರ, 2020ರ ಜನವರಿಯಲ್ಲಿ. ಎಂದರೆ ಇಲ್ಲಿ ಚೇತರಿಕೆ ಹಣಕ್ಕಿಂತ ಮೊದಲು ಬಂತು. ಕೆಳಗಿನ ಹಂತದ ಸಣ್ಣ ಬದುಕು ಕ್ಲಬ್‌ಗೆ ಶಿಸ್ತು ಕಲಿಸಿತು ಎಂದು ಹೇಳಲು ಆಧಾರವಿದೆ. ಇದನ್ನು ಒಪ್ಪಿಕೊಂಡೂ ಎರಡು ಸಂಗತಿ ಸೇರಿಸಬೇಕು. ಒಂದು, 2015ರಲ್ಲಿ ಸ್ಥಳೀಯ ಕೌನ್ಸಿಲ್ ಎಡ್ಜ್‌ಲಿ ಪಾರ್ಕ್ ಮೈದಾನವನ್ನು ಕೊಂಡು ಕ್ಲಬ್ ಅಲ್ಲೇ ಆಡುವಂತೆ ನೋಡಿಕೊಂಡಿತು. ಹಾಗಾಗದಿದ್ದರೆ ಶಿಸ್ತು ಕಲಿಯಲು ಜಾಗವೇ ಇರುತ್ತಿರಲಿಲ್ಲ. ಎರಡು, ಆರನೆಯ ಹಂತದಲ್ಲೂ ಸಾವಿರಗಟ್ಟಲೆ ಜನ ನೋಡಲು ಬರುತ್ತಿದ್ದರು. ಅದೇ ಹಂತದ ಬಹುಪಾಲು ಕ್ಲಬ್‌ಗಳು ಕೆಲವು ನೂರು ಪ್ರೇಕ್ಷಕರಿಗೆ ಆಡುತ್ತವೆ. ಸ್ಟಾಕ್‌ಪೋರ್ಟ್, ಲೂಟನ್, ರೆಕ್ಸಂ, ಬ್ರಿಸ್ಟಲ್ ರೋವರ್ಸ್ ಇವೆಲ್ಲ ತಾವು ಬಿದ್ದ ಹಂತಕ್ಕಿಂತ ದೊಡ್ಡ ಊರುಗಳ ದೊಡ್ಡ ಕ್ಲಬ್‌ಗಳು. ಅವುಗಳ ಸರಾಸರಿ ಸ್ಥಾನವೇ ಇನ್ನೂ ಮೇಲಿತ್ತು. ಬಿದ್ದದ್ದು ಅಪವಾದ, ಮರಳಿದ್ದು ಸಹಜ. ತನ್ನ ಗಾತ್ರಕ್ಕೆ ತಕ್ಕ ಜಾಗವೇ ಲೀಗ್ ಟೂ ಆಗಿರುವ ಚಿಕ್ಕ ಊರಿನ ಕ್ಲಬ್ ಅವರ ದಾರಿಯನ್ನು ತನ್ನ ದಾರಿ ಎಂದುಕೊಂಡರೆ ಕೆಡುತ್ತದೆ.

ಆದ್ದರಿಂದ ಬಿದ್ದರೆ ಒಳ್ಳೆಯದಾಗುತ್ತದೆಯೇ ಎಂಬ ಪ್ರಶ್ನೆಗೆ ಇಡಿಯಾಗಿ ಇಲ್ಲ ಎನ್ನುವುದೂ ಸರಿಯಲ್ಲ. ಹಿಂಬಡ್ತಿಯಿಂದ ಲಾಭವಾಗುವ ಸಂದರ್ಭವನ್ನು ಹೀಗೆ ಗುರುತಿಸಬಹುದು:

1. ಬೀಳುವುದು ಫುಟ್‌ಬಾಲ್ ಲೀಗ್‌ನ ಒಳಗೇ ಆಗಿರಬೇಕು, ಅಂದರೆ ಲೀಗ್ ಒನ್‌ನಿಂದ ಲೀಗ್ ಟೂಗೆ. ಆಗ ಮರಳುವ ಬಾಗಿಲು ಅಗಲ, ಟಿವಿ ಪಾಲು ಮತ್ತು ಲೀಗ್ ಕಪ್ ಕೈಬಿಡುವುದಿಲ್ಲ. ಬ್ರಿಸ್ಟಲ್ ರೋವರ್ಸ್ 2021ರಲ್ಲಿ ಹೀಗೆ ಇಳಿದು 2022ರಲ್ಲೇ ಏರಿತು, ಅದೂ ಕೊನೆಯ ದಿನ ಸ್ಕಂತಾರ್ಪ್ ವಿರುದ್ಧ 7–0 ಗೆದ್ದು.

2. ಮೈದಾನ ಕ್ಲಬ್‌ನ ಅಥವಾ ಊರಿನ ಕೈಯಲ್ಲಿ ಭದ್ರವಾಗಿರಬೇಕು.

3. ಆಟಗಾರರ ಕರಾರುಗಳಲ್ಲಿ ಸಂಬಳ ಇಳಿಯುವ ಷರತ್ತು ಮೊದಲೇ ಇರಬೇಕು, ಕ್ಲಬ್ ವಹಿಸಿಕೊಳ್ಳಲು ಸಿದ್ಧವಿರುವ ಕೈಗಳೂ ಇರಬೇಕು.

ಈ ಮೂರೂ ಇರುವ ಕ್ಲಬ್ ಸಂಕಷ್ಟದಲ್ಲಿರುವ ಕ್ಲಬ್‌ಗಳ ಪೈಕಿ ಅಪರೂಪ. ಹಿಂಬಡ್ತಿಯನ್ನು ಹಾರೈಸುವವರ ಕ್ಲಬ್‌ನಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದೂ ಇರುವುದಿಲ್ಲ, ಹಾರೈಕೆ ಹುಟ್ಟುವುದೇ ಆ ಕೊರತೆಯಿಂದ. ಅಭಿಮಾನಿಗಳಿಗೆ ನಿಜವಾಗಿ ಬೇಕಾಗಿರುವುದು ಕೆಟ್ಟ ಆಡಳಿತದಿಂದ ಬಿಡುಗಡೆ. ಇದಕ್ಕಾಗಿಯೇ 2025ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನ ಫುಟ್‌ಬಾಲ್ ಆಡಳಿತ ಕಾಯ್ದೆ ಜಾರಿಯಾಯಿತು. ಮಾಲೀಕರ ಅರ್ಹತೆ, ಕ್ಲಬ್‌ನ ಹಣಕಾಸು, ಮೈದಾನದ ಮಾರಾಟ ಇವುಗಳ ಮೇಲೆ ಕಣ್ಣಿಡುವ ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ಅದು ರಚಿಸಿದೆ, ನ್ಯಾಷನಲ್ ಲೀಗ್‌ವರೆಗಿನ ಐದೂ ಹಂತಗಳು ಅದರ ವ್ಯಾಪ್ತಿಯಲ್ಲಿವೆ. ಅದು ಎಷ್ಟು ಬಿಗಿಯಾಗಿ ಕೆಲಸ ಮಾಡುತ್ತದೆ ಎನ್ನುವುದು ಮುಂದಿನ ವರ್ಷಗಳ ವಿಷಯ. ಆದರೆ ಅಭಿಮಾನಿಗಳ ಸಿಟ್ಟು ಹೋಗಬೇಕಾದ ವಿಳಾಸ ಅದು. ಅಂಕಪಟ್ಟಿಯಲ್ಲಿ ತಮ್ಮದೇ ತಂಡದ ಸೋಲನ್ನು ಬಯಸುವುದರಿಂದ ಆ ಸಿಟ್ಟು ಯಾರನ್ನೂ ತಟ್ಟುವುದಿಲ್ಲ.

ಒಂದು ಬದಲಾವಣೆ ಮಾತ್ರ ಇಲ್ಲಿನ ತೂಕವನ್ನು ಸ್ವಲ್ಪ ಏರುಪೇರು ಮಾಡಬಲ್ಲದು. ನ್ಯಾಷನಲ್ ಲೀಗ್‌ನ ಕ್ಲಬ್‌ಗಳು 2025ರಲ್ಲಿ ಒಟ್ಟಾಗಿ, ತಮಗೆ ಎರಡರ ಬದಲು ಮೂರು ಬಡ್ತಿ ಸ್ಥಾನ ಬೇಕೆಂದು ಫುಟ್‌ಬಾಲ್ ಲೀಗ್ ಅನ್ನು ಕೇಳಿದವು. ಮೂರನೆಯ ಬಾಗಿಲು ತೆರೆದರೆ ಹನ್ನೆರಡಕ್ಕೆ ಒಂದು ಇದ್ದದ್ದು ಎಂಟಕ್ಕೆ ಒಂದಾಗುತ್ತದೆ, 98 ಅಂಕ ಗಳಿಸಿದ ತಂಡ ಕೆಳಗೇ ಉಳಿಯುವ ಸ್ಥಿತಿ ಬಹಳ ಮಟ್ಟಿಗೆ ತಪ್ಪುತ್ತದೆ. ಜೊತೆಗೆ ಪ್ರತಿ ವರ್ಷ ಮೇಲಿನಿಂದ ಬೀಳುವವರೂ ಇಬ್ಬರ ಬದಲು ಮೂವರಾಗುತ್ತಾರೆ. ಬಾಗಿಲಿನ ಲೆಕ್ಕವನ್ನು ಆಗ ಹೊಸದಾಗಿ ಮಾಡಬೇಕಾಗುತ್ತದೆ. ಮಾಲೀಕ, ಮೈದಾನ, ಕರಾರುಗಳ ಲೆಕ್ಕ ಈಗಿರುವಂತೆಯೇ ಇರುತ್ತದೆ.